ಕರಿಬೇವಿನ ಹುಳ, ಪರಿಸರದ ಪಾಠ

ಪರಿಸರದ ಪರೀಕ್ಷೆಯಲ್ಲಿ ನೂರಕ್ಕೆ ನೂರು ತಗೊಂಡ ಮಗು, ದೊಡ್ಡದಾದ ಮೇಲೆ ಕೆರೆಗೆ ಕಸ ಎಸೆಯಲ್ಲ ಅಂತ ಗ್ಯಾರಂಟಿ ಇದೆಯಾ? ಪರಿಸರ ಕಡ್ಡಾಯ ವಿಷಯ ಆಗಬೇಕು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳ್ತು. ಪಾಠ ಬಂತು, ಮಾರ್ಕ್ಸೂ ಬಂತು. ಆದ್ರೆ 2006ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು, ನಗರಗಳಲ್ಲಿರೋ ಸುಮಾರು 2000 ವಯಸ್ಕರ ಬಾಲ್ಯ ಕೆದಕಿದ್ರು. 11 ವರ್ಷದೊಳಗೆ ಕಾಡು ಸುತ್ತಿದವರಲ್ಲಿ, ಮೀನು ಹಿಡಿದವರಲ್ಲಿ ಪರಿಸರದ ಕಾಳಜಿ ಜಾಸ್ತಿ ಇತ್ತು. ಗಿಡ ನೆಟ್ಟವರಲ್ಲೂ ಇತ್ತು, ಸ್ವಲ್ಪ ಕಮ್ಮಿ. ಪರಿಸರ ಶಿಕ್ಷಣದ ಕಾರ್ಯಕ್ರಮಗಳಿಂದ? ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ. ದಡದಲ್ಲಿ ಕೂರಿಸಿ ಈಜು ಕಲಿಸಿದ ಹಾಗೆ!

ಪ್ರಕೃತಿ ಇಷ್ಟಪಡೋ ಮನೆಯವರೇ ಮಕ್ಕಳನ್ನ ಕಾಡಿಗೆ ಕರ್ಕೊಂಡು ಹೋಗಿರಬಹುದಲ್ಲಾ? ಇರಬಹುದು. ನೆನಪಿನ ಮೇಲೆ ನಿಂತ ಅಧ್ಯಯನ ಇದು, ಕಾರಣ ಇದೇ ಅಂತ ಸಾಬೀತು ಮಾಡಲ್ಲ. ಆದ್ರೆ ಪಾಠ ಒಂದೇ ಸಾಕು ಅನ್ನೋ ವಾದಕ್ಕೆ ಇಲ್ಲಿ ಅಷ್ಟು ಆಧಾರಾನೂ ಸಿಗಲ್ಲ. ಅಪಾರ್ಟ್‌ಮೆಂಟಿಗೆ ಕಾಡು ಎಲ್ಲಿಂದ ತರೋಣ ಅಂತೀರಾ? ಕುಂಡದ ಕರಿಬೇವು ನೋಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಅಂಟಿಕೊಂಡಿರೋದು ಚಿಟ್ಟೆಯ ಮರಿಹುಳ ಇರಬಹುದು. ಕಡ್ಡಿಯಲ್ಲಿ ಮೆಲ್ಲಗೆ ತಾಗಿಸಿದ್ರೆ, ತಲೆ ಹಿಂದಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತೆ. ಅದಕ್ಕೆ ಸ್ಪ್ರೇ ಹೊಡಿಯೋ ಮುಂಚೆ ಮಗೂನ ಒಂದ್ಸಲ ಕರೀರಿ.