ಅಗ್ಗದ ಆರ್‌ಎಫ್‌ಐಡಿ ಟ್ಯಾಗ್: ಖರೀದಿಗೆ ಮೊದಲು ಸದಸ್ಯರು ತಿಳಿಯಬೇಕಾದ ಅಂಶಗಳು

ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರು ಟೋಲ್‌ನಲ್ಲಿ, ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಅನ್ನು ಯಂತ್ರ ದೂರದಿಂದಲೇ ಓದುವುದನ್ನು ಸದಸ್ಯರು ಕಂಡಿರುತ್ತಾರೆ. ಆ ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಯಂತ್ರದಿಂದ ಬರುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಗಾಜು ಒರೆಸುವ ಹುಡುಗನೊಬ್ಬ ಕೈಗಡಿಯಾರ ತೋರಿಸಿ ಫಾಸ್ಟ್ಯಾಗ್ ಹಣ ಕದಿಯುತ್ತಾನೆಂಬ ವಿಡಿಯೊ 2022ರ ಜೂನ್‌ನಲ್ಲಿ ಹರಿದಾಡಿತ್ತು. ಅದು ಸುಳ್ಳೆಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟಪಡಿಸಿತು. ಹಣವಿರುವುದು ಖಾತೆಯಲ್ಲಿಯೇ ಹೊರತು ಟ್ಯಾಗ್‌ನಲ್ಲಲ್ಲ.

ಇದೇ ಬಗೆಯ ಟ್ಯಾಗ್ ಅನ್ನು ಮನೆಬಾಗಿಲಿಗೆ ಅಂಟಿಸಿ, ಸ್ವಚ್ಛ ವಾಹಿನಿ ಕಸ ಸಂಗ್ರಹಿಸಿದ್ದನ್ನು ದಾಖಲಿಸುವ ಪ್ರಸ್ತಾವನೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಪಂಚಾಯಿತಿಗಳ ಮುಂದೆ ಬಂದಲ್ಲಿ, ಬೆಲೆಯೊಂದನ್ನೇ ನೋಡಿ ಒಪ್ಪುವುದು ಸಾಲದು. ಅಗ್ಗದ ಟ್ಯಾಗ್ ಕೇಳಿದವರು ಯಾರೆಂದು ವಿಚಾರಿಸುವುದಿಲ್ಲ. ಹೊಂದುವ ಯಂತ್ರ ಯಾರ ಕೈಯಲ್ಲಿದ್ದರೂ ಕೆಲವು ಮೀಟರ್ ದೂರದಿಂದ ಉತ್ತರಿಸುತ್ತದೆ. ಆ ಸಂಖ್ಯೆಯನ್ನು ಖಾಲಿ ಟ್ಯಾಗ್‌ಗೆ ನಕಲಿಸಿಕೊಂಡರೆ, ಬೀದಿಗೆ ಹೋಗದೆಯೇ ನೂರು ಮನೆಯ ಕಸ ಸಂಗ್ರಹವಾದಂತೆ ತೋರಿಸಬಹುದು. ಕಾರ್ಖಾನೆಯಿಂದ ಬರುವಾಗ ಟ್ಯಾಗ್‌ನ ಪಾಸ್‌ವರ್ಡ್ ಸಾಮಾನ್ಯವಾಗಿ ಬರೀ ಸೊನ್ನೆಗಳಾಗಿರುತ್ತದೆ. ಅದನ್ನು ಬದಲಿಸಿ ಲಾಕ್ ಮಾಡದಿದ್ದರೆ ಅನ್ಯರು ಸಂಖ್ಯೆಯನ್ನೇ ತಿದ್ದಬಹುದು. ಲಾಕ್ ಮಾಡಿದರೂ ನಕಲು ತಪ್ಪುವುದಿಲ್ಲ; ಗುತ್ತಿಗೆದಾರರು ಇದನ್ನು ಹೇಳುವುದು ಅಪರೂಪ. ಆದುದರಿಂದ ಕಾರ್ಖಾನೆಯಲ್ಲೇ ಅಚ್ಚಾದ, ತಿದ್ದಲಾಗದ ಸಂಖ್ಯೆಯನ್ನೂ ಓದಿದ ಸ್ಥಳ ಹಾಗೂ ಸಮಯವನ್ನೂ ತಾಳೆ ನೋಡುವ ವ್ಯವಸ್ಥೆಯನ್ನು ಟೆಂಡರ್‌ನಲ್ಲಿಯೇ ಕೇಳತಕ್ಕದ್ದು.

ಇದಕ್ಕಿಂತ ಗಂಭೀರವಾದುದು ಖಾಸಗಿತನದ ವಿಷಯ. ಮೇಲುಕೋಟೆಯ ವೈರಮುಡಿಗೆಂದು ಕುಟುಂಬವೊಂದು ಮೂರು ದಿನ ಮನೆಗೆ ಬೀಗ ಹಾಕಿ ಹೋದರೆ, ಆ ಮನೆಯಿಂದ ಕಸ ಬಾರದಿರುವುದು ಪ್ರತಿದಿನ ದಾಖಲಾಗುತ್ತದೆ. ಆ ಪಟ್ಟಿ ಕಳ್ಳನ ಕೈಗೆ ಸಿಕ್ಕರೆ ಬೇರೆ ಸುಳಿವು ಬೇಕಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿತು.

ಹೀಗಾಗಿ ಟ್ಯಾಗ್‌ನಲ್ಲಿ ಹೆಸರು, ಮೊಬೈಲ್, ಆಧಾರ್ ಅಥವಾ ಆಸ್ತಿ ಸಂಖ್ಯೆಯನ್ನು ಬರೆಯಬಾರದು. ಅರ್ಥವಿಲ್ಲದ ಒಂದು ಸಂಖ್ಯೆ ಸಾಕು. ಅದು ಯಾರ ಮನೆಯದೆಂಬ ಪಟ್ಟಿ ಪಂಚಾಯಿತಿ ಕಚೇರಿಯಲ್ಲಿರಲಿ, ಗುತ್ತಿಗೆದಾರರ ಫೋನಿನಲ್ಲಲ್ಲ. ಆ ಪಟ್ಟಿಯನ್ನು ಯಾರು ತೆರೆಯಬಹುದು, ದಿನವಹಿ ದಾಖಲೆಯನ್ನು ಎಷ್ಟು ದಿನಗಳ ನಂತರ ಅಳಿಸಬೇಕು, ಗುತ್ತಿಗೆ ಮುಗಿದಾಗ ಗುತ್ತಿಗೆದಾರರ ಬಳಿಯ ಪ್ರತಿಗಳನ್ನು ಹೇಗೆ ಹಿಂಪಡೆಯಬೇಕು ಎಂಬುದನ್ನು ಖರೀದಿ ಆದೇಶಕ್ಕೆ ಮುನ್ನವೇ ಸಾಮಾನ್ಯ ಸಭೆಯಲ್ಲಿ ತೀರ್ಮಾನಿಸಿ ನಡಾವಳಿಯಲ್ಲಿ ದಾಖಲಿಸತಕ್ಕದ್ದು.