ಸುಪ್ರೀಂ ಕೋರ್ಟಿಗೆ ಮುಂದೆ ಯಾರು? ಲೆಕ್ಕ ಹಾಕುವ ಬಗೆ

2013ರ ಏಪ್ರಿಲ್ 18ರಂದು ಸಂಡೂರು ಸೀಮೆಯ ಗಣಿಗಳ ಹಣೆಬರಹ ನಿರ್ಧರಿಸಿದ ತೀರ್ಪು ಸುಪ್ರೀಂ ಕೋರ್ಟಿನಿಂದ ಹೊರಬಿತ್ತು. ಅದನ್ನು ಬರೆದವರು ನ್ಯಾಯಮೂರ್ತಿ ರಂಜನ್ ಗೊಗೊಯ್. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಇದೇ ಕೋರ್ಟು ತಡೆ ಹಾಕಿದಾಗ ಗೊಗೊಯ್ ಅಲ್ಲಿ ಇರಲೇ ಇಲ್ಲ. ಅವರು ಬಂದದ್ದು 2012ರ ಏಪ್ರಿಲ್‌ನಲ್ಲಿ, ತೆರವಾಗಿದ್ದ ಸ್ಥಾನವೊಂದಕ್ಕೆ. ತಡೆ ಹಾಕಿದ ಪೀಠವನ್ನು ಮುನ್ನಡೆಸಿದ್ದ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ತೀರ್ಪಿನ ಹೊತ್ತಿಗೆ ನಿವೃತ್ತರಾಗಿದ್ದರು. ತೀರ್ಪು ಕೊಟ್ಟ ಮೂವರಲ್ಲಿ ಹಿರಿಯರಾದ ಅಫ್ತಾಬ್ ಆಲಂ ಅವರಿಗೆ ಅದೇ ಸೇವೆಯ ಕೊನೆಯ ದಿನ. ಒಂದೇ ಮೊಕದ್ದಮೆ ನಡೆಯುತ್ತಿದ್ದಂತೆ ಕುಳಿತವರು ಬದಲಾಗಿದ್ದರು.

ಆ ತೀರ್ಪು ಅಕ್ರಮ ಅತಿ ಹೆಚ್ಚು ಕಂಡುಬಂದ ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ‘ಎ’ ಮತ್ತು ‘ಬಿ’ ವರ್ಗದವಕ್ಕೆ ಷರತ್ತು ಹಾಕಿ ದಾರಿ ಬಿಟ್ಟಿತು. ಬಳ್ಳಾರಿ ಜಿಲ್ಲೆಯಿಂದ ವರ್ಷಕ್ಕೆ 250 ಲಕ್ಷ ಟನ್ನಿಗಿಂತ ಹೆಚ್ಚು ಅದಿರು ತೆಗೆಯಬಾರದೆಂಬ ಮಿತಿ ಬಂದದ್ದೂ ಇದೇ ಮೊಕದ್ದಮೆಯಲ್ಲಿ. ಮುಂದೆ 2022ರಲ್ಲಿ ಕೋರ್ಟೇ ಅದನ್ನು 350 ಲಕ್ಷಕ್ಕೆ ಏರಿಸಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿರುವ ಕುರೆಕುಪ್ಪದಲ್ಲಿ ಲಾರಿ ಸಾಲದ ಕಂತು ಕಟ್ಟುವವರಿಗೆ, ಲೋಡಿಂಗ್ ಕೂಲಿಗೆ ಹೋಗುವವರಿಗೆ, ಕೆಂಧೂಳು ಕೂತ ಹೊಲದವರಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ದೆಹಲಿಯ ಆ ಪೀಠದಲ್ಲಿ ಯಾರು ಕೂರುತ್ತಾರೆ ಎಂದು ಇಲ್ಲಿಯವರು ಕೇಳಿದರೆ ಅದು ಅವರ ಹಕ್ಕು. ‘ಮುಂದಿನವರು ಇವರಂತೆ’ ಎಂದು ಹೆಸರುಗಳು ತೇಲಿಬಂದಾಗ ಅವು ಯಾವ ಲೆಕ್ಕದ ಮೇಲೆ ಬಂದವು ಎಂಬುದನ್ನು ತಿಳಿಯುವುದೂ ಕಷ್ಟವೇನಲ್ಲ.

ಮೊದಲ ಲೆಕ್ಕ ವಯಸ್ಸಿನದು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ನಿವೃತ್ತಿ 65ಕ್ಕೆ, ಹೈಕೋರ್ಟಿನವರಿಗೆ 62ಕ್ಕೆ. ಹುಟ್ಟಿದ ದಿನ ಗೊತ್ತಿದ್ದರೆ ಸ್ಥಾನ ಯಾವತ್ತು ತೆರವಾಗುತ್ತದೆಂದು ವರ್ಷಗಳ ಮೊದಲೇ ಹೇಳಬಹುದು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹುಟ್ಟಿದ್ದು 1962ರ ಅಕ್ಟೋಬರ್ 30ರಂದು. ಅವರ ಕೊನೆಯ ದಿನ 2027ರ ಅಕ್ಟೋಬರ್ 29. ಅವರಿಗಿಂತ ಹಿರಿಯರಾದ ವಿಕ್ರಮ್ ನಾಥ್ ಅದೇ ವರ್ಷದ ಸೆಪ್ಟೆಂಬರ್ 23ಕ್ಕೆ ನಿವೃತ್ತರಾಗಬೇಕು. ಹಿರಿತನದ ರೂಢಿ ಮುರಿಯದಿದ್ದರೆ ನಾಗರತ್ನ ಅವರು 36 ದಿನ ಭಾರತದ ಮುಖ್ಯ ನ್ಯಾಯಮೂರ್ತಿ, ಆ ಪೀಠ ಏರುವ ಮೊದಲ ಮಹಿಳೆ. 1989ರಲ್ಲಿ ಸುಪ್ರೀಂ ಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಫಾತಿಮಾ ಬೀವಿ ಬಂದಾಗ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯ.

ಎರಡನೆಯದು ಅರ್ಹತೆ. ಸಂವಿಧಾನದ 124ನೇ ವಿಧಿ ಮೂರು ಬಾಗಿಲು ತೆರೆದಿದೆ: ಐದು ವರ್ಷ ಹೈಕೋರ್ಟ್ ನ್ಯಾಯಮೂರ್ತಿಯಾಗಿರಬೇಕು, ಇಲ್ಲವೇ ಹತ್ತು ವರ್ಷ ಹೈಕೋರ್ಟಿನಲ್ಲಿ ವಕೀಲಿ ಮಾಡಿರಬೇಕು, ಇಲ್ಲವೇ ರಾಷ್ಟ್ರಪತಿಯ ಅಭಿಪ್ರಾಯದಲ್ಲಿ ಹೆಸರಾಂತ ಕಾನೂನು ಪಂಡಿತರಾಗಿರಬೇಕು. ಮೂರನೆಯ ಬಾಗಿಲಿನಿಂದ ಈವರೆಗೆ ಯಾರೂ ಒಳಬಂದಿಲ್ಲ. ಎರಡನೆಯದರಿಂದ ಬಂದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ನಮ್ಮ ಎನ್. ಸಂತೋಷ್ ಹೆಗ್ಡೆ. 1999ರಲ್ಲಿ ವಕೀಲಿಯಿಂದ ನೇರವಾಗಿ ನ್ಯಾಯಮೂರ್ತಿಯಾದ ಅವರೇ ಮುಂದೆ ಲೋಕಾಯುಕ್ತರಾಗಿ 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಉಳಿದವರೆಲ್ಲ ಹೆಚ್ಚುಕಡಿಮೆ ಹೈಕೋರ್ಟಿನಿಂದ ಬಡ್ತಿ ಪಡೆದವರೇ.

ಆಯ್ಕೆ ಮಾಡುವವರು ಯಾರು ಎಂಬಲ್ಲಿ ಕನ್ನಡಿಗರು ಮರೆಯಬಾರದ ಒಂದು ಪ್ರಸಂಗವಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯ ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ಮುಖ್ಯ ನ್ಯಾಯಮೂರ್ತಿಯ ಸ್ಥಾನ ತೆರವಾಗುತ್ತಿತ್ತು. ಸರ್ಕಾರ ಸರದಿಯಲ್ಲಿದ್ದ ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನೂ ಬಿಟ್ಟು ಎ.ಎನ್. ರೇ ಅವರನ್ನು ನೇಮಿಸಿತು. ಮೂವರೂ ಆ ತೀರ್ಪಿನಲ್ಲಿ ಸರ್ಕಾರಕ್ಕೆ ಒಪ್ಪಿಗೆಯಾಗದ ಪಕ್ಷದಲ್ಲಿ ನಿಂತಿದ್ದವರು. ಮೂವರೂ ರಾಜೀನಾಮೆ ಕೊಟ್ಟರು. ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ, ಅಂದರೆ ಸಂತೋಷ್ ಹೆಗ್ಡೆಯವರ ತಂದೆ, ಮುಂದೆ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ನೇಮಕದ ಕೀಲಿ ಸರ್ಕಾರದ ಕೈಯಲ್ಲೇ ಇದ್ದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ.

1993ರಲ್ಲಿ ಒಂಬತ್ತು ಮಂದಿಯ ಪೀಠ ಕೊನೆಯ ಮಾತನ್ನು ನ್ಯಾಯಾಂಗಕ್ಕೆ ಕೊಟ್ಟಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಕರ್ನಾಟಕದ ಎಂ.ಎನ್. ವೆಂಕಟಾಚಲಯ್ಯ. 1998ರಲ್ಲಿ ಕೋರ್ಟು ಕೊಟ್ಟ ಅಭಿಪ್ರಾಯದಲ್ಲಿ ಇಂದಿನ ಕೊಲಿಜಿಯಂ ಗಟ್ಟಿಯಾಯಿತು: ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ನಾಲ್ವರು ಹಿರಿಯರು. ಇಬ್ಬರು ತಕ್ಕ ಕಾರಣ ಕೊಟ್ಟು ಬಲವಾಗಿ ವಿರೋಧಿಸಿದರೆ ಆ ಹೆಸರನ್ನು ಮುಂದೊತ್ತಬಾರದೆಂದೂ ಅದರಲ್ಲಿದೆ. ಕಾನೂನು ಸಚಿವರನ್ನೂ ಇಬ್ಬರು ಗಣ್ಯರನ್ನೂ ಸೇರಿಸಿ ಸಂಸತ್ತು ರಚಿಸಿದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದು ಬಹುಮತದಿಂದ ತಳ್ಳಿಹಾಕಿತು. ಆದ್ದರಿಂದ ಹೆಸರು ಊಹಿಸುವವರು ಮೊದಲು ಈಗಿನ ಆ ಐವರು ಯಾರೆಂದು ನೋಡಬೇಕು. ಒಬ್ಬರು ನಿವೃತ್ತರಾದರೂ ಮಂಡಳಿಯ ಒಲವು ಬದಲಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಕೊಲಿಜಿಯಂ ಇಬ್ಬರ ಹೆಸರು ತೀರ್ಮಾನಿಸಿತ್ತು. ಆ ಕೊಲಿಜಿಯಂನಲ್ಲಿದ್ದ ಮದನ್ ಲೋಕೂರ್ ಆ ತಿಂಗಳ ಕೊನೆಗೆ ನಿವೃತ್ತರಾದರು. ಜನವರಿಯಲ್ಲಿ ಕೊಲಿಜಿಯಂ ಆ ಹೆಸರುಗಳನ್ನು ಬಿಟ್ಟು, ಆಗ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ದಿನೇಶ್ ಮಾಹೇಶ್ವರಿ ಮತ್ತು ದೆಹಲಿಯ ಸಂಜೀವ್ ಖನ್ನಾ ಅವರನ್ನು ಆರಿಸಿತು.

ಇಡೀ ಯಂತ್ರ ಹೇಗೆ ಓಡುತ್ತದೆಂದು ತಿಳಿಯಲು ಎ.ಎಸ್. ಬೋಪಣ್ಣ ಅವರ ಕಡತವನ್ನು ಹಿಂಬಾಲಿಸುವುದು ಒಳ್ಳೆಯದು. ಕೊಡಗಿನವರು, ಕರ್ನಾಟಕ ಹೈಕೋರ್ಟಿನಿಂದ ಗುವಾಹಟಿ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಹೋಗಿದ್ದರು. 2019ರ ಏಪ್ರಿಲ್ 12ರಂದು ಕೊಲಿಜಿಯಂ ಅವರನ್ನೂ ಅನಿರುದ್ಧ ಬೋಸ್ ಅವರನ್ನೂ ಶಿಫಾರಸು ಮಾಡಿತು. ಕಡತ ಕಾನೂನು ಸಚಿವಾಲಯಕ್ಕೆ ಹೋಯಿತು. ಹಿರಿತನ ಮತ್ತು ಪ್ರಾದೇಶಿಕ ಪ್ರಾತಿನಿಧ್ಯದ ಪ್ರಶ್ನೆ ಎತ್ತಿ ಸರ್ಕಾರ ಅದನ್ನು ಮರಳಿಸಿತು. ಬೋಪಣ್ಣ ಹೈಕೋರ್ಟ್ ನ್ಯಾಯಮೂರ್ತಿಗಳ ಅಖಿಲ ಭಾರತ ಹಿರಿತನದ ಪಟ್ಟಿಯಲ್ಲಿ 36ನೆಯವರಾಗಿದ್ದರು. ಮೇ 8ರಂದು ಕೊಲಿಜಿಯಂ ಮತ್ತೆ ಕೂತು, ಇಬ್ಬರ ಸಾಮರ್ಥ್ಯ, ನಡತೆ, ಪ್ರಾಮಾಣಿಕತೆಯ ಬಗ್ಗೆ ಪ್ರತಿಕೂಲವಾದದ್ದೇನೂ ಸರ್ಕಾರದಿಂದ ಬಂದಿಲ್ಲ ಎಂದು ಬರೆದು ಅದೇ ಹೆಸರುಗಳನ್ನು ತಿರುಗಿ ಕಳಿಸಿತು. ಹೀಗೆ ಎರಡನೇ ಸಲ ಕಳಿಸಿದ ಹೆಸರಿಗೆ ಸರ್ಕಾರ ಒಪ್ಪಬೇಕೆಂಬುದು ನಿಯಮ. ಕಡತ ಪ್ರಧಾನಿಯ ಮೂಲಕ ರಾಷ್ಟ್ರಪತಿಗೆ ಹೋಗಿ ಸಹಿಯಾಯಿತು. ಮೇ 24ರಂದು ಪ್ರಮಾಣವಚನ. ಆಗ ಕೊಲಿಜಿಯಂನ ತಲೆಯಾಳಾಗಿದ್ದವರು ಸಂಡೂರಿನ ಗಣಿ ತೀರ್ಪು ಬರೆದ ಅದೇ ರಂಜನ್ ಗೊಗೊಯ್.

ಬೋಪಣ್ಣ ಅವರ ಕಡತ ಆರು ವಾರದಲ್ಲಿ ಮುಗಿಯಿತು. ಎಲ್ಲರದೂ ಹಾಗಾಗುವುದಿಲ್ಲ, ಏಕೆಂದರೆ ಸರ್ಕಾರ ಇಷ್ಟು ದಿನದೊಳಗೆ ಉತ್ತರಿಸಬೇಕೆಂಬ ಗಡುವು ಸಂವಿಧಾನದಲ್ಲಿ ಇಲ್ಲ. ಮರಳಿಸದೆ, ಒಪ್ಪದೆ, ಸುಮ್ಮನೆ ಇಟ್ಟುಕೊಂಡರೂ ಹೆಸರು ಕೊಳೆಯುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ದೊಡ್ಡ ದೋಷವಾಗಿ ಕಾಣುವುದು ಇದೇ.

ಊಹೆ ಮಾಡುವವರು ಹಿರಿತನದ ಪಟ್ಟಿಯ ಮೇಲೆ ಹೆಚ್ಚು ಭರವಸೆ ಇಡುತ್ತಾರೆ. 36ನೆಯವರು ಬಂದದ್ದನ್ನು ನೋಡಿದೆವಲ್ಲ. ನಾಗರತ್ನ ಅವರು ಯಾವ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗದೆ 2021ರ ಆಗಸ್ಟ್ 31ರಂದು ಬೆಂಗಳೂರಿನಿಂದ ನೇರವಾಗಿ ಹೋದರು. ಹಿರಿತನದ ಜೊತೆ ಯಾವ ಹೈಕೋರ್ಟಿನವರು ಎಷ್ಟು ಮಂದಿ ಈಗಾಗಲೇ ಇದ್ದಾರೆ, ಮಹಿಳೆಯರೆಷ್ಟು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಅಲ್ಪಸಂಖ್ಯಾತರು ಎಷ್ಟು, ಮುಂದೆ ಮುಖ್ಯ ನ್ಯಾಯಮೂರ್ತಿಯಾಗುವಷ್ಟು ಅವಧಿ ಉಳಿದಿದೆಯೇ ಎಂಬುದನ್ನೆಲ್ಲ ತೂಗಿನೋಡುತ್ತಾರೆ. ಕರ್ನಾಟಕದ ಹೆಸರು ಹುಡುಕುವವರು ಬೆಂಗಳೂರನ್ನಷ್ಟೇ ನೋಡಿದರೆ ಸಾಲದು. ಇಲ್ಲಿಂದ ಹೊರಗೆ ಮುಖ್ಯ ನ್ಯಾಯಮೂರ್ತಿಯಾಗಿ ಹೋದವರನ್ನೂ ಎಣಿಸಬೇಕು. ಬೋಪಣ್ಣ ಗುವಾಹಟಿಯಿಂದ, ಅರವಿಂದ್ ಕುಮಾರ್ ಗುಜರಾತಿನಿಂದ ಸುಪ್ರೀಂ ಕೋರ್ಟಿಗೆ ಹೋದವರು.

ಕಲ್ಯಾಣ ಕರ್ನಾಟಕದವರಿಗೆ ಇಲ್ಲೊಂದು ಮಾತು ಹೇಳಬೇಕು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ, ಕಲಬುರಗಿಯಲ್ಲಿ ವಕೀಲಿ ಮಾಡಿದ ಶಿವರಾಜ ಪಾಟೀಲರು 2000ದಲ್ಲಿ ಸುಪ್ರೀಂ ಕೋರ್ಟ್ ತಲುಪಿದ್ದರು. ಆದರೆ ಸುಪ್ರೀಂ ಕೋರ್ಟಿಗೆ ಹೋಗುವ ಹೆಸರು ಸಾಮಾನ್ಯವಾಗಿ ಮೊದಲು ಹೈಕೋರ್ಟಿನಲ್ಲಿರಬೇಕು. ಹೈಕೋರ್ಟಿಗೆ ಹೆಸರು ಕಳಿಸುವುದು ಅಲ್ಲಿನ ಮೂವರು ಹಿರಿಯರ ಕೊಲಿಜಿಯಂ. ಬಳ್ಳಾರಿ ಜಿಲ್ಲೆಯ ಮೊಕದ್ದಮೆಗಳು ಧಾರವಾಡ ಪೀಠಕ್ಕೆ ಹೋಗುತ್ತವೆ. ಅಲ್ಲಿ ವಾದಿಸುವ ನಮ್ಮ ಕಡೆಯ ವಕೀಲರ ಹೆಸರು, ನಮ್ಮ ಜಿಲ್ಲಾ ನ್ಯಾಯಾಧೀಶರ ಹೆಸರು ಆ ಮೂವರ ಮೇಜು ತಲುಪುತ್ತಿದೆಯೇ ಎಂಬುದು ದೆಹಲಿಯ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ.

2017ರ ಅಕ್ಟೋಬರ್‌ನಿಂದ ಕೊಲಿಜಿಯಂ ತನ್ನ ನಿರ್ಣಯಗಳನ್ನು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಹಾಕುತ್ತಿದೆ. ಅರವಿಂದ್ ಕುಮಾರ್ ಅವರ ಬಗ್ಗೆ 2023ರ ಜನವರಿ 31ರ ನಿರ್ಣಯ ತೆರೆದು ನೋಡಿ. ಹಿರಿತನದಲ್ಲಿ ಅವರು 26ನೆಯವರು ಎಂದು ಬರೆದಿದೆ. ಅವರ ಹೆಸರನ್ನು ಮುಂದೆ ಪರಿಗಣಿಸಬಹುದು ಎಂಬ ನೆಲೆಯಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರಿಗೆ ಆಕ್ಷೇಪವಿದೆ ಎಂಬುದನ್ನೂ ಮುಚ್ಚಿಟ್ಟಿಲ್ಲ. ಅದರಿಂದ ಅರವಿಂದ್ ಕುಮಾರ್ ಅವರ ಗೌರವಕ್ಕೆ ಕುಂದಾಗಲಿಲ್ಲ, ಕೋರ್ಟಿನ ಗೌರವ ಹೆಚ್ಚಿತು. 2025ರ ಆಗಸ್ಟ್‌ನಲ್ಲಿ ಹೀಗಾಗಲಿಲ್ಲ. ವಿಪುಲ್ ಪಂಚೋಲಿ ಅವರ ಹೆಸರಿಗೆ ನಾಗರತ್ನ ಅವರು ಭಿನ್ನಮತ ಬರೆದರೆಂದು ಪತ್ರಿಕೆಗಳು ವರದಿ ಮಾಡಿದವು. ಕೊಲಿಜಿಯಂ ಹೊರಡಿಸಿದ ಚುಟುಕು ಹೇಳಿಕೆಯಲ್ಲಿ ಶಿಫಾರಸಾದ ಹೆಸರುಗಳಿದ್ದವು, ಕಾರಣವೂ ಇರಲಿಲ್ಲ, ಭಿನ್ನಮತವೂ ಇರಲಿಲ್ಲ. ಕಾರಣ ಹೇಳದ ಕಡೆ ಗಾಳಿಮಾತು ಹುಟ್ಟುತ್ತದೆ, ಆ ಗಾಳಿಮಾತಿಗೆ ಜನರನ್ನು ದೂರಿ ಫಲವಿಲ್ಲ.

ಅರವಿಂದ್ ಕುಮಾರ್ ಅವರ ನಿವೃತ್ತಿ 2027ರ ಜುಲೈ 13ಕ್ಕೆ, ನಾಗರತ್ನ ಅವರದು ಅಕ್ಟೋಬರ್ 29ಕ್ಕೆ. ಕರ್ನಾಟಕ ಹೈಕೋರ್ಟು ಮೂಲದ ಇಬ್ಬರು ನಾಲ್ಕು ತಿಂಗಳ ಅಂತರದೊಳಗೆ ಹೊರಬರುತ್ತಾರೆ. ಯಾವ ಸ್ಥಾನವೂ ಒಂದು ರಾಜ್ಯಕ್ಕೆಂದು ಬರೆದಿಟ್ಟದ್ದಲ್ಲ, ಆದರೂ ಆಗ ಕರ್ನಾಟಕದ ಹೆಸರುಗಳು ಪತ್ರಿಕೆಗಳ ತುಂಬ ಹರಿದಾಡುವುದು ಖಂಡಿತ. ನಿಮ್ಮ ಮೆಚ್ಚಿನ ಹೆಸರು ಹೇಳಿ, ಚರ್ಚಿಸಿ, ತಪ್ಪಿಲ್ಲ. ಹೆಸರು ಪ್ರಕಟವಾದ ದಿನ ಮಾತ್ರ ಆ ಜಾಲತಾಣ ತೆರೆದು ನಿರ್ಣಯ ಓದಿ. ಅದರಲ್ಲಿ ಕಾರಣ ಬರೆದಿಲ್ಲವಾದರೆ ನಿಮ್ಮ ವಕೀಲರ ಸಂಘವನ್ನು, ನಿಮ್ಮ ಸಂಸದರನ್ನು, ನೀವು ಓದುವ ಪತ್ರಿಕೆಯನ್ನು ಹಿಡಿದು ಕೇಳಿ: ಕಾರಣ ಎಲ್ಲಿ?