ಹಸಿರು ನೀರಿನ ಹಳೆಯ ಲೆಕ್ಕ

ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದೆಯೆಂಬ ಸುದ್ದಿಯನ್ನು ಕಳೆದ ಕೆಲವು ವರ್ಷಗಳಲ್ಲಿ ನಾವೆಲ್ಲರೂ ಒಮ್ಮೆಯಾದರೂ ಓದಿದ್ದೇವೆ. ಶಕ್ತಿನಗರದ ನಾವು ಕೃಷ್ಣೆಯ ದಂಡೆಯವರು. ಆ ಜಲಾಶಯ ನಮಗೆ ದೂರವೆಂದು ಭಾವಿಸುವುದು ಸಹಜ. ಆದರೆ ಮಾನ್ವಿಯ ಭತ್ತದ ಗದ್ದೆಗಳಿಗೂ ರಾಯಚೂರು ನಗರದ ಎಷ್ಟೋ ನಲ್ಲಿಗಳಿಗೂ ಅದರ ಎಡದಂಡೆ ಕಾಲುವೆಯೇ ಆಸರೆಯಾಗಿದೆ.

ಈ ಬಣ್ಣ ನೀಲಿ-ಹಸಿರು ಪಾಚಿಯದು. ನೀರಿನಲ್ಲಿ ಸಾರಜನಕ ಮತ್ತು ರಂಜಕ ಹೆಚ್ಚಿ, ಬಿಸಿಲು ಕಾಯ್ದು, ನೀರು ನಿಶ್ಚಲವಾಗಿ ನಿಂತರೆ ಪಾಚಿಗೆ ಸುಗ್ಗಿ. ಊರುಗಳ ಕೊಳಚೆ ಮತ್ತು ಹೊಲಗಳ ಗೊಬ್ಬರ, ಇವೆರಡೇ ಅದರ ಮುಖ್ಯ ಆಹಾರ. 1953ರಲ್ಲಿ ನೀರು ನಿಲ್ಲತೊಡಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿದ ಕಾರಣ ಇಂದು 105ರ ಆಸುಪಾಸು ಮಾತ್ರ ಹಿಡಿಯುತ್ತದೆ. ಹೂಳಿನಿಂದ ನಷ್ಟವಾದ ನೀರಿನ ಬಗ್ಗೆ ನಾವು ದುಃಖಿಸುತ್ತೇವೆ. ಆದರೆ ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಂದು ತಳದಲ್ಲಿ ಕೂರುತ್ತದೆ, ಮೇಲಿನ ಹರಿವು ಶುದ್ಧವಾದ ಮೇಲೂ ಅಲ್ಲಿಂದ ಮತ್ತೆ ನೀರಿಗೆ ಇಳಿಯಬಲ್ಲದು ಎಂಬುದು ನಮಗೆ ನೆನಪಾಗುವುದಿಲ್ಲ.

ಇಂತಹ ರೋಗದ ದೀರ್ಘ ಚರಿತ್ರೆಯನ್ನು ಅರಿಯಲು ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ಈರಿ ಸರೋವರದತ್ತ ನೋಡಬೇಕು. 1960ರ ದಶಕದಲ್ಲಿ ಅದನ್ನು ಸತ್ತ ಸರೋವರವೆಂದೇ ಕರೆದಿದ್ದರು. 1972ರಲ್ಲಿ ಉಭಯ ದೇಶಗಳು ಒಪ್ಪಂದ ಮಾಡಿಕೊಂಡು ಬಟ್ಟೆ ಒಗೆಯುವ ಪುಡಿಯ ರಂಜಕವನ್ನು ತಗ್ಗಿಸಿದವು, ಕೊಳಚೆ ಶುದ್ಧೀಕರಣವನ್ನು ಸುಧಾರಿಸಿದವು. ಮುಂದಿನ ದಶಕದ ಹೊತ್ತಿಗೆ ಸರೋವರ ಸೇರುವ ರಂಜಕ ಅರ್ಧಕ್ಕಿಂತಲೂ ಕೆಳಗಿಳಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ 1990ರ ದಶಕದ ಮಧ್ಯದಿಂದ ಪಾಚಿ ಮರಳಿತು. ಈ ಸಲ ಮುಖ್ಯವಾಗಿ ಹೊಲಗಳಿಂದ. 2014ರ ಆಗಸ್ಟ್‌ನಲ್ಲಿ ಟೊಲೀಡೊ ನಗರ ಪ್ರದೇಶದ ಸುಮಾರು 4 ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿರೆಂದು ಆಜ್ಞೆ ಹೊರಟಿತು. 2016ರಲ್ಲಿ ಆ ದೇಶಗಳು ರಂಜಕವನ್ನು ಶೇ. 40ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡರೂ ಬೇಸಿಗೆಯಲ್ಲಿ ಪಾಚಿ ಇನ್ನೂ ಕಾಣಿಸಿಕೊಳ್ಳುತ್ತಿದೆ.

ಕೊಳವೆಗೆ ಒಂದು ಬಾಯಿ. ಹೊಲಕ್ಕೆ ಸಾವಿರ ಬಾಯಿ. ಮೇಲಿನ ಊರುಗಳನ್ನು ದೂರುವುದು ನಮಗೆ ಸುಲಭ, ಅವರ ಪಾಲೂ ದೊಡ್ಡದೇ. ಆದರೆ ನಮ್ಮ ಗದ್ದೆಗಳ ಬಸಿನೀರೂ ಹಳ್ಳಗಳ ಮೂಲಕ ನದಿ ಸೇರಿ ಕೆಳಗಿನವರ ಬಿಂದಿಗೆ ತುಂಬುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಡಿಎಪಿ ಹಾಕುವುದು, ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡುವುದು, ಗೊಬ್ಬರ ಹಾಕಿದ ಕೆಲವು ದಿನ ಗದ್ದೆಯ ನೀರನ್ನು ಹೊರಬಿಡದಿರುವುದು ನಮ್ಮ ಕೈಯಲ್ಲೇ ಇದೆ, ಖರ್ಚೂ ಉಳಿಯುತ್ತದೆ.

ಒಂದು ಎಚ್ಚರಿಕೆ. 2022ರಲ್ಲಿ ಕಲುಷಿತ ನೀರಿನಿಂದ ರಾಯಚೂರು ನಗರದಲ್ಲಿ ಸಾವುಗಳು ಸಂಭವಿಸಿದ ಬಳಿಕ ನಾವು ನೀರನ್ನು ಕುದಿಸಿ ಕುಡಿಯುವುದನ್ನು ಕಲಿತೆವು. ಕ್ರಿಮಿಗಳಿಗೆ ಅದು ಸರಿಯಾದ ಮದ್ದು. ಪಾಚಿಯ ವಿಷ ಮಾತ್ರ ಕುದಿಸಿದರೆ ಹೋಗದು. ನೀರು ಆವಿಯಾದಂತೆ ಅದು ಗಟ್ಟಿಯಾಗುತ್ತದೆ. ಹಸಿರು ಕೆನೆ ಕಟ್ಟಿದ ನೀರನ್ನು ಮಕ್ಕಳಿಗಿರಲಿ, ದನಕರುಗಳಿಗೂ ಕುಡಿಸಬಾರದು.